ಸ್ಟೋರ್‌ಹೆಡ್ ತೋಟ: ಇಲ್ಲಿ ಅಪ್ರದಕ್ಷಿಣೆಯೇ ಸರಿ

ಊರಿಂದ ಅಪ್ಪ ಅಮ್ಮ ಬಂದಾಗ, "ಈ ಶನಿವಾರ ಒಂದು ಹಳೇ ಎಸ್ಟೇಟ್ ನೋಡೋಕೆ ಹೋಗೋಣ" ಅಂದೆ. ಅಪ್ಪ ತಕ್ಷಣ ಕೇಳಿದರು, "ಎಷ್ಟು ಎಕರೆ? ಅರೇಬಿಕಾನಾ ರೊಬಸ್ಟಾನಾ?" ಮೂಡಿಗೆರೆ ಕಡೆಯವರಿಗೆ ಎಸ್ಟೇಟ್ ಅಂದರೆ ಕಾಫಿ ತೋಟ ಬಿಟ್ಟು ಇನ್ನೇನು ಹೊಳೆಯಬೇಕು ಹೇಳಿ. ಇಂಗ್ಲೆಂಡಿನಲ್ಲಿ ಆ ಮಾತಿಗೆ ಬೇರೆ ಅರ್ಥ. ಒಬ್ಬ ದೊಡ್ಡ ಶ್ರೀಮಂತ, ಅವನ ಬಂಗಲೆ, ಅದರ ಸುತ್ತ ಕಣ್ಣಿಗೆ ಕಾಣುವಷ್ಟು ದೂರದ ಜಮೀನು, ಕಾಡು, ಒಂದು ಹಳ್ಳಿ, ಒಂದು ಚರ್ಚ್, ಮತ್ತೆ ಬರೀ ನೋಡುವುದಕ್ಕೆಂದೇ ಮಾಡಿಸಿದ ಒಂದು ತೋಟ. ಇಂಥವು ದೇಶದ ತುಂಬ ಇವೆ. ಒಂದನ್ನೇ ನೋಡುವಷ್ಟು ಸಮಯ ಇದ್ದರೆ ವಿಲ್ಟ್‌ಶೈರ್‌ನ ಸ್ಟೋರ್‌ಹೆಡ್ ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಈವರೆಗೆ ನಾಲ್ಕು ಸಲ ಹೋಗಿದ್ದೇನೆ. ಎರಡು ಸಲ ತಪ್ಪಾಗಿ ಹೋಗಿದ್ದೆ, ಎರಡು ಸಲ ಸರಿಯಾಗಿ. ನೀವು ಮೊದಲ ಸಲವೇ ಸರಿಯಾಗಿ ಹೋಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಯಾವಾಗ ಹೋಗಬೇಕು

ತೋಟ ಡಿಸೆಂಬರ್ 25 ಒಂದು ದಿನ ಬಿಟ್ಟು ವರ್ಷವಿಡೀ ತೆರೆದಿರುತ್ತದೆ. ಬಂಗಲೆ ಹಾಗಲ್ಲ, ಅದಕ್ಕೆ ಬೇರೆ ದಿನ, ಬೇರೆ ಗಂಟೆ. ಹೊರಡುವ ಹಿಂದಿನ ದಿನ ನ್ಯಾಷನಲ್ ಟ್ರಸ್ಟ್‌ನ (ಇಂಥ ಹಳೇ ಬಂಗಲೆ, ತೋಟಗಳನ್ನು ನೋಡಿಕೊಳ್ಳುವ ಸಂಸ್ಥೆ) ವೆಬ್‌ಸೈಟ್‌ನಲ್ಲಿ ಒಮ್ಮೆ ನೋಡಿಕೊಳ್ಳಿ, ಗಾಳಿ ಜೋರಾಗಿದ್ದರೆ ಮರ ಬೀಳುವ ಭಯಕ್ಕೆ ಇಂಥ ತೋಟಗಳನ್ನು ಮುಚ್ಚುವುದೂ ಉಂಟು.

ಹೂ ನೋಡಬೇಕು ಅನ್ನುವವರು ಮೇ ಕೊನೆಯಿಂದ ಜೂನ್ ಮೊದಲ ವಾರದ ಒಳಗೆ ಹೋಗಿ. ಆಗ ರೋಡೋಡೆಂಡ್ರಾನ್ ಮತ್ತು ಅಜೇಲಿಯಾ ಬಿರಿದಿರುತ್ತವೆ. ಗುಲಾಬಿ, ನೇರಳೆ, ಕಿತ್ತಳೆ, ಸ್ವಲ್ಪ ಅತಿಯಾಯಿತು ಅನ್ನಿಸುವಷ್ಟು. ಬಣ್ಣದ ಎಲೆ ನೋಡುವವರಿಗೆ ಅಕ್ಟೋಬರ್ ಕೊನೆ. ನನ್ನನ್ನು ಕೇಳಿದರೆ ಅಕ್ಟೋಬರ್. ಮೇಪಲ್ ಕೆಂಪಾಗಿ, ಬೀಚ್ ಮರ ತಾಮ್ರದ ಬಣ್ಣಕ್ಕೆ ತಿರುಗಿ, ಟ್ಯೂಲಿಪ್ ಮರ ಅಂತ ಒಂದಿದೆ, ಅದು ಇಡೀ ಹಳದಿಯಾಗಿ, ಇಷ್ಟೂ ನೀರಿನಲ್ಲಿ ಇನ್ನೊಂದು ಸಲ ತಲೆಕೆಳಗಾಗಿ ಕಾಣುತ್ತದೆ. ಆದರೆ ಅದೇ ಕಾರಣಕ್ಕೆ ಜನವೂ ಜಾಸ್ತಿ. ವಾರದ ದಿನ ರಜೆ ಹಾಕಲು ಆಗುತ್ತದಾ ನೋಡಿ.

ಒಂದು ಎಚ್ಚರಿಕೆ. ಅಕ್ಟೋಬರ್ ಕೊನೇ ಭಾನುವಾರ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಹಾಕುತ್ತಾರೆ. ಆಮೇಲೆ ನವೆಂಬರ್ ನಡುವಿನ ಹೊತ್ತಿಗೆ ಸಂಜೆ ನಾಲ್ಕೂ ಕಾಲಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ. ನಾನು ಮೊದಲ ಸಲ ಹೋಗಿದ್ದು ನವೆಂಬರಿನಲ್ಲೇ, ತಿಂಡಿ ತಿಂದು, ಸ್ನಾನ ಮಾಡಿ, ನಿಧಾನಕ್ಕೆ ಹೊರಟು, ಮಧ್ಯಾಹ್ನ ಎರಡೂವರೆಗೆ ಗೇಟಿಗೆ ಬಂದೆ. ಅರ್ಧ ಸುತ್ತುವ ಹೊತ್ತಿಗೆ ಕತ್ತಲೆ ಇಳಿಯಿತು. ಸಿಬ್ಬಂದಿ ಹಿಂದೆಯೇ ಬಂದು ಬಹಳ ಮರ್ಯಾದೆಯಿಂದ ಹೊರಗೆ ಕಳಿಸಿದರು. ಟಿಕೆಟ್ ದುಡ್ಡು ನೀರಿಗೆ ಹಾಕಿದಂತಾಯಿತು. ಚಳಿಗಾಲವಾದರೆ ಬೆಳಗ್ಗೆ ಹತ್ತೂವರೆಗೆ ಅಲ್ಲಿರಿ.

ಹೋಗುವುದು ಹೇಗೆ

ಕಾರಿದ್ದರೆ ಸುಲಭ. ಲಂಡನ್ ಕಡೆಯಿಂದ ಎಂ3 ಹಿಡಿದು, ಆಮೇಲೆ ಎ303. ಈ ಎ303 ರಸ್ತೆ ಸ್ಟೋನ್‌ಹೆಂಜ್ ಅನ್ನುವ ಪುರಾತನ ಕಲ್ಲುಗಳ ವೃತ್ತದ ಪಕ್ಕದಲ್ಲೇ ಹಾದು ಹೋಗುತ್ತದೆ, ಕಾರಿನ ಕಿಟಕಿಯಿಂದಲೇ ಕಲ್ಲುಗಳು ಕಾಣುತ್ತವೆ. ಎಲ್ಲರೂ ಅಲ್ಲಿ ಬ್ರೇಕ್ ಒತ್ತಿ ನೋಡುವುದರಿಂದ ಮತ್ತು ಆ ಭಾಗದಲ್ಲಿ ರಸ್ತೆ ಕಿರಿದಾಗುವುದರಿಂದ ಶನಿವಾರ ಬೆಳಗ್ಗೆ ಗಾಡಿಗಳು ಆಮೆಯ ಹಾಗೆ ತೆವಳುತ್ತವೆ. ಸುಮಾರು ಮುಕ್ಕಾಲು ಗಂಟೆ ಜಾಸ್ತಿ ಇಟ್ಟುಕೊಳ್ಳಿ. ಅಲ್ಲಿಂದ ಮುಂದೆ ಸುಮಾರು 40 ಕಿಲೋಮೀಟರ್. ಮಿಯರ್ ಅನ್ನುವ ಪುಟ್ಟ ಊರಿನ ಹತ್ತಿರ ಹೆದ್ದಾರಿ ಬಿಟ್ಟು ಒಳಗೆ ಹೋಗಬೇಕು. ಕಂದು ಬಣ್ಣದ ಬೋರ್ಡುಗಳಿವೆ, ತಪ್ಪುವುದಿಲ್ಲ.

ಸ್ಟೋನ್‌ಹೆಂಜ್ ಮತ್ತು ಸ್ಟೋರ್‌ಹೆಡ್ ಎರಡನ್ನೂ ಒಂದೇ ದಿನ ಮಾಡಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಜೂನ್ ತಿಂಗಳಲ್ಲಿ ಮಾಡಬಹುದು. ನಾನಾದರೆ ಮಾಡುವುದಿಲ್ಲ.

ರೈಲಿನಲ್ಲಿ ಹೋಗುವವರು ಲಂಡನ್ ವಾಟರ್ಲೂ ಸ್ಟೇಷನ್ನಿನಿಂದ ಎಕ್ಸಿಟರ್ ಕಡೆ ಹೋಗುವ ಗಾಡಿ ಹತ್ತಿ ಗಿಲ್ಲಿಂಗ್‌ಹ್ಯಾಮ್‌ನಲ್ಲಿ ಇಳಿಯಬೇಕು. ಸುಮಾರು ಎರಡು ಗಂಟೆ. ಇಲ್ಲೊಂದು ಗುಂಡಿ ಇದೆ, ನೋಡಿ ಕಾಲಿಡಿ. ಇದೇ ಸ್ಪೆಲ್ಲಿಂಗಿನ ಎರಡು ಊರುಗಳಿವೆ. ಡಾರ್ಸೆಟ್‌ನದು ಗಿಲ್ಲಿಂಗ್‌ಹ್ಯಾಮ್, ಕೆಂಟ್‌ನದು ಜಿಲ್ಲಿಂಗ್‌ಹ್ಯಾಮ್. ಬರೆಯುವುದು ಒಂದೇ ಥರ, ಕರೆಯುವುದು ಬೇರೆ. ಕನ್ನಡದಲ್ಲಿ ಬರೆದಿದ್ದರೆ ಈ ಗೋಳೇ ಇರುತ್ತಿರಲಿಲ್ಲ. ಟಿಕೆಟ್ ತೆಗೆಯುವಾಗ ಡಾರ್ಸೆಟ್ ಅಂತ ಇದೆಯಾ ನೋಡಿ, ಇಲ್ಲದಿದ್ದರೆ ದೇಶದ ಇನ್ನೊಂದು ಮೂಲೆಯಲ್ಲಿ ಇಳಿದಿರುತ್ತೀರಿ.

ಸ್ಟೇಷನ್ನಿನಿಂದ ತೋಟ ಇನ್ನೂ ಸುಮಾರು ಹತ್ತು ಕಿಲೋಮೀಟರ್ ದೂರ. ಹೊರಗೆ ಆಟೋ ಸಾಲು ನಿಂತಿರುತ್ತದೆ ಅಂತ ಅಂದುಕೊಳ್ಳಬೇಡಿ. ಹೋಗುವುದಕ್ಕೂ ಬರುವುದಕ್ಕೂ ಎರಡಕ್ಕೂ ಮೊದಲೇ ಫೋನ್ ಮಾಡಿ ಟ್ಯಾಕ್ಸಿ ಹೇಳಿಟ್ಟುಕೊಳ್ಳಿ, ವಾಪಸ್ ಬರುವ ಗಂಟೆಯನ್ನೂ ಹೇಳಿಬಿಡಿ. ಕಣಿವೆಯೊಳಗೆ ಮೊಬೈಲ್ ಸಿಗ್ನಲ್ ನಂಬಿಕೊಂಡು "ಆಮೇಲೆ ಬುಕ್ ಮಾಡಿದರಾಯಿತು" ಅನ್ನುವುದು ಬೇಡ. ನನ್ನ ಎರಡನೇ ಭೇಟಿಯಲ್ಲಿ ಹೇಳಿದ್ದ ಟ್ಯಾಕ್ಸಿ ಬರಲೇ ಇಲ್ಲ. ಮಳೆಯಲ್ಲಿ ಒಂದು ಗಂಟೆ ಮರದ ಕೆಳಗೆ ನಿಂತಿದ್ದೆ. ಈಗ ಎರಡು ನಂಬರ್ ಇಟ್ಟುಕೊಂಡಿರುತ್ತೇನೆ.

ಅಪ್ಪ ಅಮ್ಮನಿಗೆ 60 ದಾಟಿದ್ದರೆ ಸೀನಿಯರ್ ರೈಲ್‌ಕಾರ್ಡ್ ಮಾಡಿಸಿ. ಇದಕ್ಕೆ ಇಲ್ಲಿನ ಪೌರರೇ ಆಗಿರಬೇಕೆಂದಿಲ್ಲ, ಪಾಸ್‌ಪೋರ್ಟ್ ಇದ್ದರೆ ಸಾಕು, ಟಿಕೆಟ್‌ನಲ್ಲಿ ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ. ಬೆಳಗಿನ ರಶ್ ಹೊತ್ತಿನಲ್ಲಿ ಕೆಲವು ಕಡೆ ನಡೆಯುವುದಿಲ್ಲ, ಅಷ್ಟೇ. ಬಹಳ ಜನಕ್ಕೆ ಇದು ಗೊತ್ತೇ ಇಲ್ಲ.

ಟಿಕೆಟ್, ಬುತ್ತಿ, ಕಾಲಿಗೆ ಏನು

ಜಾಗ ಈಗ ನ್ಯಾಷನಲ್ ಟ್ರಸ್ಟ್ ಕೈಯಲ್ಲಿದೆ. ವರ್ಷದಲ್ಲಿ ಇಂಥ ನಾಲ್ಕೈದು ಜಾಗ ನೋಡುವ ಅಂದಾಜಿದ್ದರೆ ಸದಸ್ಯರಾಗುವುದೇ ಲಾಭ, ಪಾರ್ಕಿಂಗ್ ದುಡ್ಡೂ ಉಳಿಯುತ್ತದೆ. ಐದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಕೌಂಟರಿನಲ್ಲಿ "ಗಿಫ್ಟ್ ಏಡ್ ಸೇರಿಸಲಾ?" ಅಂತ ಕೇಳಿದರೆ ಗೊತ್ತಿರಲಿ, ಅದು ನೀವು ಕಟ್ಟಿದ ತೆರಿಗೆಯಲ್ಲಿ ಸ್ವಲ್ಪ ಸಂಸ್ಥೆಗೆ ಸಿಗುವ ಹಾಗೆ ಮಾಡುವ ವ್ಯವಸ್ಥೆ, ಈ ದೇಶದಲ್ಲಿ ತೆರಿಗೆ ಕಟ್ಟುವವರಿಗೆ ಮಾತ್ರ. ಊರಿಂದ ಬಂದವರು ತಮ್ಮ ಟಿಕೆಟ್ಟಿಗೆ ಬೇಡ ಅಂದರೆ ಸಾಕು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಊಟದ ವಿಷಯ. ಅಲ್ಲೇ ರೆಸ್ಟೋರೆಂಟ್ ಇದೆ, ಪಕ್ಕದಲ್ಲೇ ಸ್ಪ್ರೆಡ್ ಈಗಲ್ ಅನ್ನುವ ಹಳೇ ಪಬ್ ಇದೆ. ಸಸ್ಯಾಹಾರಿಗಳಿಗೆ ಇಂಥ ಕಡೆ ಸಾಮಾನ್ಯವಾಗಿ ಸಿಗುವುದು ಸೂಪು, ಚೀಸ್ ಸ್ಯಾಂಡ್‌ವಿಚ್, ಬೇಯಿಸಿದ ಇಡೀ ಆಲೂಗಡ್ಡೆ. ಮೊಟ್ಟೆ ತಿನ್ನದವರು ಕೇಕ್ ಮತ್ತು ಸ್ಕೋನ್ ವಿಷಯ ಕೇಳಿಯೇ ತಿನ್ನಿ, ಅಲರ್ಜಿ ಪಟ್ಟಿ ಕೇಳಿದರೆ ತೋರಿಸುತ್ತಾರೆ. ನಮ್ಮ ಮನೆಯಲ್ಲಂತೂ ಚಿತ್ರಾನ್ನ, ಎರಡು ಡಬ್ಬ ಮೊಸರನ್ನ, ಒಂದು ಫ್ಲಾಸ್ಕ್ ಕಾಫಿ. ಒಗ್ಗರಣೆ ವಾಸನೆ ಬಂದರೆ ಅಕ್ಕಪಕ್ಕದವರು ಏನಂದುಕೊಳ್ಳುತ್ತಾರೋ ಅಂತ ಮುದುಡಿಕೊಂಡು ತಿನ್ನುವ ಅಗತ್ಯ ಇಲ್ಲ. ಅವರ ಎಗ್ ಸ್ಯಾಂಡ್‌ವಿಚ್ ವಾಸನೆ ಇನ್ನೂ ಜೋರಾಗಿರುತ್ತದೆ.

ಕಾಲಿಗೆ ಒಳ್ಳೆ ಹಿಡಿತದ ಶೂ. ಇದರಲ್ಲಿ ಚೌಕಾಸಿ ಬೇಡ. ದಾರಿ ಒಂದೆರಡು ಕಡೆ ಕಡಿದಾಗಿದೆ, ಎಲೆ ಬಿದ್ದು ನೆನೆದರೆ ಜಾರುತ್ತದೆ. ಸೀರೆಯ ಅಂಚು ಹುಲ್ಲಿಗೆ ತಾಗಿ ಮೊಣಕಾಲವರೆಗೆ ಒದ್ದೆಯಾಗುತ್ತದೆ ಅಂತ ಅಮ್ಮನಿಗೆ ಮೊದಲೇ ಹೇಳಿದ್ದೆ. ಅಮ್ಮ ಸೀರೆಯೇ ಉಟ್ಟರು, ಮೇಲೆ ನನ್ನ ರೇನ್‌ಕೋಟ್, ಕೆಳಗೆ ಹೆಂಡತಿಯ ಸ್ಪೋರ್ಟ್ಸ್ ಶೂ. ಫೋಟೋ ಚೆನ್ನಾಗಿ ಬಂದಿದೆ.

ಒಳಗೆ ಹೋಗುವ ಮುಂಚೆ ಎರಡು ಮಾತು

ಈ ಸ್ವಲ್ಪ ಕಥೆ ಗೊತ್ತಿಲ್ಲದೆ ಹೋದರೆ ಬರೀ ಮರ, ನೀರು, ಕಂಬದ ಕಟ್ಟಡ ಅನ್ನಿಸುತ್ತದೆ. ಹಾಗಾಗಿ ಓದಿಕೊಂಡು ಹೋಗಿ.

ಲಂಡನ್ನಿನ ಹೋರ್ ಮನೆತನದವರು ಬ್ಯಾಂಕಿನವರು. 1672ರಲ್ಲಿ ಶುರುವಾದ ಆ ಬ್ಯಾಂಕ್ ಇವತ್ತಿಗೂ ಫ್ಲೀಟ್ ಸ್ಟ್ರೀಟ್‌ನಲ್ಲಿ ನಡೆಯುತ್ತಿದೆ. 1717ರಲ್ಲಿ ಅವರು ಈ ಜಮೀನು ಕೊಂಡು, ಹಳೇ ಮನೆ ಕೆಡವಿ, ಹೊಸ ಬಂಗಲೆ ಕಟ್ಟಿಸಿದರು. ತೋಟ ಮಾಡಿಸಿದ್ದು ಮುಂದಿನ ತಲೆಮಾರಿನ ಹೆನ್ರಿ ಹೋರ್. 1743ರಲ್ಲಿ ಅವನ ಹೆಂಡತಿ ತೀರಿಕೊಂಡಳು, ಅದಾದ ಮೇಲೆ ತೋಟದ ಕೆಲಸ ಶುರು. ಹೆನ್ರಿ ಫ್ಲಿಟ್‌ಕ್ರಾಫ್ಟ್ ಅನ್ನುವ ವಾಸ್ತುಶಿಲ್ಪಿಯನ್ನು ಇಟ್ಟುಕೊಂಡು ಮೂವತ್ತು ವರ್ಷ ಮೇಲೆ ಇದನ್ನೇ ಮಾಡಿಸಿದ. ಕ್ಲೋಡ್ ಲೊರೇನ್, ಗಾಸ್ಪಾರ್ ಅಂಥವರು ಬಿಡಿಸಿದ ಇಟಲಿಯ ಭೂದೃಶ್ಯಗಳೆಂದರೆ ಆ ಕಾಲದ ಶ್ರೀಮಂತರಿಗೆ ಹುಚ್ಚು. ಇವನು ಆ ಚಿತ್ರಗಳನ್ನು ಗೋಡೆಗೆ ತೂಗುಹಾಕಿ ಸುಮ್ಮನಾಗಲಿಲ್ಲ, ಹಿತ್ತಲಲ್ಲೇ ಕಟ್ಟಿಸಿಬಿಟ್ಟ.

ದುಡ್ಡು ಎಲ್ಲಿಂದ ಬಂತು ಅನ್ನುವುದೂ ಗೊತ್ತಿರಲಿ. ಆಫ್ರಿಕಾದ ಜನರನ್ನು ಗುಲಾಮರನ್ನಾಗಿ ಸಾಗಿಸುವ ಗುತ್ತಿಗೆ ಹಿಡಿದಿದ್ದ ಸೌತ್ ಸೀ ಕಂಪನಿಯ ಷೇರು 1720ರಲ್ಲಿ ಏರಿ ಕುಸಿದಾಗ, ಎಷ್ಟೋ ಜನ ಮುಳುಗಿದರು. ಈ ಬ್ಯಾಂಕ್ ಮಾತ್ರ ಕೊಂಡು ಮಾರಿ ಒಳ್ಳೇ ಲಾಭ ಮಾಡಿಕೊಂಡಿತು. ಕಂಬಗಳ ಬಿಳುಪು ನೋಡುವಾಗ ಇದೂ ನೆನಪಿಗೆ ಬರುತ್ತದೆ, ನನಗಂತೂ.

ಈಗ ಕೆರೆ. ಇದು ಹುಟ್ಟು ಕೆರೆಯಲ್ಲ. ನಮ್ಮೂರ ಕೆರೆಗಳ ಹಾಗೇನೇ ಕಣಿವೆಗೆ ಅಡ್ಡ ಏರಿ ಹಾಕಿ, ಸ್ಟೋರ್ ಹೊಳೆಯನ್ನು ತಡೆದು ನಿಲ್ಲಿಸಿದ್ದು. ಅಪ್ಪ ಅದನ್ನು ಕೇಳಿದ್ದೇ, "ಅಚ್ಚುಕಟ್ಟು ಎಷ್ಟು?" ಅಂದರು. ಅಚ್ಚುಕಟ್ಟು ಇಲ್ಲಪ್ಪ, ಒಂದು ಗುಂಟೆ ಗದ್ದೆಗೂ ನೀರಿಲ್ಲ, ಬರೀ ನೋಡೋಕೆ ಅಂದೆ. ಅವರಿಗೆ ಅದು ದಿನವಿಡೀ ಜೀರ್ಣವಾಗಲಿಲ್ಲ.

ನಡೆಯುವ ದಿಕ್ಕು

ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಕೆರೆ ನಿಮ್ಮ ಎಡಗೈಗೆ ಇರಬೇಕು. ಅಂದರೆ ಅಪ್ರದಕ್ಷಿಣೆ.

ನಮಗೆ ಇದು ಮೈಗೆ ಒಗ್ಗುವುದಿಲ್ಲ. ಮಧ್ಯದಲ್ಲಿ ಏನೋ ಇದೆ, ಸುತ್ತ ದಾರಿ ಇದೆ ಅಂದರೆ ಕಾಲು ತಾನಾಗಿಯೇ ಪ್ರದಕ್ಷಿಣೆಗೆ ತಿರುಗುತ್ತದೆ. ನನ್ನ ಎರಡನೇ ಭೇಟಿಯಲ್ಲಿ ನಾನೂ ಹಾಗೇ ತಿರುಗಿದ್ದೆ. ಎಲ್ಲ ಕಟ್ಟಡಗಳೂ ಸಿಕ್ಕವು, ಆದರೆ ಏನೋ ಕೂಡಲಿಲ್ಲ. ಒಂದೊಂದು ಕಡೆ ಹಿಂದೆ ತಿರುಗಿದಾಗ ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಯಾಕೆಂದರೆ ಹೆನ್ರಿ ಹೋರ್ ಇದನ್ನು ಒಂದು ಕ್ರಮದಲ್ಲಿ ನೋಡುವುದಕ್ಕೆ ಜೋಡಿಸಿದ್ದಾನೆ. ಇಲ್ಲಿ ನಿಂತರೆ ಆಚೆ ದಡದ ಕಟ್ಟಡ ಕಾಣಬೇಕು, ಮುಂದೆ ಹೋದರೆ ಅದು ಮರದ ಹಿಂದೆ ಮರೆಯಾಗಬೇಕು, ಮರೆತೇಹೋಯಿತು ಅನ್ನುವಾಗ ಗಪ್ಪನೆ ಎದುರಿಗೆ ಬರಬೇಕು. ಉಲ್ಟಾ ಹೋದರೆ ಕೊನೇ ಪುಟದಿಂದ ಪತ್ತೇದಾರಿ ಕಾದಂಬರಿ ಓದಿದ ಹಾಗೆ.

ಆ ಮನೆಯವರು ಬಂಗಲೆ ಕಡೆಯಿಂದ ಇಳಿದು ಬರುತ್ತಿದ್ದರು. ಮಂಡಿ ಗಟ್ಟಿ ಇರುವವರು ಹಾಗೇ ಮಾಡಿ. ಮೇಲಿಂದ ಮರಗಳ ನಡುವೆ ಇಳಿಯುತ್ತಾ ಇಳಿಯುತ್ತಾ ಕೆಳಗೆ ನೀರು ಮಿನುಗುವುದು ಒಂದು ಸುಖ. ವಯಸ್ಸಾದವರಿದ್ದರೆ ಪಬ್ ಅಂಗಳದ ಮೂಲಕ ಹಳ್ಳಿಯ ಕಡೆಯ ಬಾಗಿಲಿಗೆ ಬನ್ನಿ, ಅಲ್ಲಿಂದ ಬಲಕ್ಕೆ ತಿರುಗಿ ದಡ ಹಿಡಿದು ಹೊರಡಿ. ನಡೆಯಲು ತೀರಾ ಕಷ್ಟ ಇರುವವರು ಕಾರು ನಿಲ್ಲಿಸಿದ ಕಡೆಯೇ ಸಿಬ್ಬಂದಿಯನ್ನು ವಿಚಾರಿಸಿ, ಗಾಡಿ ವ್ಯವಸ್ಥೆ ಇದ್ದರೆ ಕರೆದುಕೊಂಡು ಹೋಗುತ್ತಾರೆ.

ಕೆರೆ ಸುತ್ತು ಸುಮಾರು ಎರಡು ಕಿಲೋಮೀಟರ್. ಅರ್ಧ ಗಂಟೆಯಲ್ಲಿ ಮುಗಿಸಬಹುದು. ನೀವು ಮೂರು ಗಂಟೆ ತೆಗೆದುಕೊಳ್ಳಿ.

ಸುತ್ತು

ಮೊದಲು ಸಿಗುವುದು ಟೆಂಪಲ್ ಆಫ್ ಫ್ಲೋರಾ, 1740ರ ದಶಕದ್ದು, ಚಿಕ್ಕದು. ಬಾಗಿಲ ಮೇಲೆ ಲ್ಯಾಟಿನ್‌ನಲ್ಲಿ ಒಂದು ಸಾಲು ಕೆತ್ತಿದ್ದಾರೆ, ಮೈಲಿಗೆಯವರು ದೂರ ಇರಿ ಅನ್ನುವ ಅರ್ಥದ್ದು. ಟೆಂಪಲ್ ಅನ್ನುವ ಬೋರ್ಡ್ ಓದಿ ಹೇಳಿದ್ದೇ ತಡ, ಅಮ್ಮ ಮೆಟ್ಟಿಲ ಹತ್ತಿರ ಬಗ್ಗಿ ಶೂ ಲೇಸ್ ಬಿಚ್ಚತೊಡಗಿದರು. "ಬೇಡಮ್ಮ, ಇದು ದೇವಸ್ಥಾನ ಅಲ್ಲ" ಅಂದೆ. "ಟೆಂಪಲ್ ಅಂದ್ಯಲ್ಲ?" "ಸುಮ್ನೆ ಹೆಸರು." "ಪೂಜೆ ಯಾರು ಮಾಡ್ತಾರೆ?" "ಯಾರೂ ಇಲ್ಲ, ಯಾವತ್ತೂ ಮಾಡಿಲ್ಲ." ಅಮ್ಮ ಲೇಸ್ ಹಿಡಿದುಕೊಂಡೇ ಸ್ವಲ್ಪ ಹೊತ್ತು ಕಟ್ಟಡ ನೋಡಿದರು. "ಮತ್ತೆ ಇಷ್ಟು ಚೆನ್ನಾಗಿ ಯಾಕೆ ಕಟ್ಟಿದ?" ಅಂದರು. ನಿಮ್ಮ ಜೊತೆ ಬಂದವರೂ ಕೇಳುತ್ತಾರೆ, ಉತ್ತರ ತಯಾರಿ ಮಾಡಿಕೊಂಡಿರಿ. ಇಲ್ಲಿ ನಿಂತು ನೀರಿನಾಚೆ ನೋಡಿದರೆ ಗುಮ್ಮಟದ ಒಂದು ಕಟ್ಟಡ ಕಾಣುತ್ತದೆ. ನೀವು ಹೋಗಬೇಕಾದ್ದು ಅಲ್ಲಿಗೆ. ದಾರಿ ಮಾತ್ರ ಬೇಗ ತಲುಪಿಸುವುದಿಲ್ಲ.

ಮುಂದೆ ಕೆರೆಯ ತಲೆಯ ಭಾಗ ಸುತ್ತಿಕೊಂಡು ಹೋಗುವಾಗ ಮರಗಳಿಗೆ ಸಮಯ ಕೊಡಿ. ಇಲ್ಲಿನ ರೋಡೋಡೆಂಡ್ರಾನ್ ಹೆನ್ರಿ ಕಾಲದ್ದಲ್ಲ. ಆ ಗಿಡಗಳನ್ನು ಮೊದಲು ನೆಟ್ಟಿದ್ದು ಅವನ ಮೊಮ್ಮಗ ರಿಚರ್ಡ್ ಕೋಲ್ಟ್ ಹೋರ್, 1791ರಿಂದ ಈಚೆಗೆ. ಇವನು ಇನ್ನೊಂದು ಕೆಲಸಕ್ಕೂ ಹೆಸರಾದವನು. ವಿಲಿಯಂ ಕನಿಂಗ್ಟನ್ ಅನ್ನುವವರ ಜೊತೆ ಸೇರಿ ಸ್ಟೋನ್‌ಹೆಂಜ್ ಸುತ್ತಮುತ್ತಲಿನ ನೂರಾರು ಪುರಾತನ ಸಮಾಧಿ ದಿಬ್ಬಗಳನ್ನು ಅಗೆಸಿದ. ಬೆಳಗ್ಗೆ ಕಾರಿನ ಕಿಟಕಿಯಲ್ಲಿ ಕಂಡವಲ್ಲ ದಿಬ್ಬಗಳು, ಅವೇ.

ಆಮೇಲೆ ಗ್ರಾಟೋ, ಅಂದರೆ ಕೈಯಿಂದ ಕಟ್ಟಿದ ಗುಹೆ, 1748ರದ್ದು. ಮೆಟ್ಟಿಲು ಮಂಜಾಗಿ ಕಾಣುತ್ತವೆ, ನೆಲ ಏರುಪೇರು, ತಲೆ ಬಗ್ಗಿಸಬೇಕು. ಇಳಿಯಲಾಗದವರಿಗೆ ಹೊರಗಿನಿಂದ ಹಾಯುವ ದಾರಿ ಇದೆ. ಒಳಗೆ ಹೋದ ತಕ್ಷಣ ಏನೂ ಮಾಡಬೇಡಿ, ಒಂದು ನಿಮಿಷ ಸುಮ್ಮನೆ ನಿಂತುಕೊಳ್ಳಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲಿ. ಮೊದಲು ನೀರಿನ ಸದ್ದು ಕೇಳಿಸುತ್ತದೆ. ಆಮೇಲೆ ಮೇಲಿನ ಕಿಂಡಿಯಿಂದ ಬೀಳುವ ಬೆಳಕಿನಲ್ಲಿ ಬೆಳ್ಳಗೆ ಮಲಗಿದ ಒಂದು ಹೆಣ್ಣಿನ ಮೂರ್ತಿ ನಿಧಾನವಾಗಿ ಕಾಣಿಸಿಕೊಳ್ಳುತ್ತದೆ, ಅವಳ ಕೆಳಗಿನಿಂದಲೇ ನೀರು ಹರಿಯುತ್ತಿರುತ್ತದೆ. ಮುಂದಿನ ಕಲ್ಲಿನಲ್ಲಿ ನಾಲ್ಕು ಸಾಲು ಕೆತ್ತಿದ್ದಾರೆ, ನನ್ನ ನಿದ್ದೆ ಕೆಡಿಸಬೇಡಿ, ಮೆತ್ತಗೆ ನಡೆಯಿರಿ ಅಂತ ಅವಳೇ ಕೇಳಿಕೊಳ್ಳುವ ಹಾಗೆ. ಇನ್ನೊಂದು ಬದಿಯಲ್ಲಿ ಗಡ್ಡದ ನದಿದೇವತೆ ಕೂತಿದ್ದಾನೆ. ಕೆರೆ ಕಡೆಗೆ ಕಲ್ಲಿನಲ್ಲೇ ಒಂದು ಒರಟು ಕಿಟಕಿ ಬಿಟ್ಟಿದ್ದಾರೆ, ಅದರಲ್ಲಿ ಆಚೆ ದಡದ ಬೆಳಕು ಒಂದು ಚೌಕಟ್ಟು ಹಾಕಿದ ಹಾಗೆ ನಿಂತಿರುತ್ತದೆ.

ಸ್ಟೋರ್ ಹೊಳೆ ಹುಟ್ಟುವುದು ಈ ಕಣಿವೆಯ ಬುಗ್ಗೆಗಳಲ್ಲೇ. ಹೋರ್ ಮನೆತನಕ್ಕಿಂತ ಮುಂಚೆ ನೂರಾರು ವರ್ಷ ಇಲ್ಲಿದ್ದ ಸ್ಟೋರ್ಟನ್ ಮನೆತನದ ಲಾಂಛನದಲ್ಲೂ ಆರು ಬುಗ್ಗೆಗಳಿವೆ. ಹೊಳೆ ಇಲ್ಲಿಂದಲೇ ಶುರು ಅಂದಿದ್ದಕ್ಕೆ ಅಮ್ಮ ಏನೂ ಕೇಳಲಿಲ್ಲ. ಬಗ್ಗಿ, ಎರಡು ಬೆರಳು ಅದ್ದಿ ಕಣ್ಣಿಗೆ ಒತ್ತಿಕೊಂಡರು, ತಲಕಾವೇರಿಯಲ್ಲಿ ಮಾಡಿದ ಹಾಗೆ. ಮೂರ್ತಿ ಯಾರದ್ದಾದರೇನು, ನೀರು ನೀರೇ ಅಲ್ವಾ.

ಕುಡಿಯಬೇಡಿ. ನಾಣ್ಯ ಹಾಕುವುದೂ ಬೇಡ.

ಗುಹೆಯಿಂದ ಹೊರಬಂದು ಗಾಥಿಕ್ ಕಾಟೇಜ್ ಅನ್ನುವ ಪುಟ್ಟ ಮನೆ ದಾಟಿದರೆ ಪ್ಯಾಂಥಿಯಾನ್. ಆಚೆ ದಡದಿಂದ ಕಂಡ ಗುಮ್ಮಟ ಇದೇ. 1754ರ ಹೊತ್ತಿಗೆ ಕಟ್ಟಿದ್ದು, ರೋಮ್‌ನಲ್ಲಿರುವ ಪುರಾತನ ದೇವಾಲಯ, ದೊಡ್ಡ ಪ್ಯಾಂಥಿಯಾನಿನ ಮರಿ. ಒಳಗೆ ರಿಸ್‌ಬ್ರಾಕ್ ಕೆತ್ತಿದ ಹರ್ಕ್ಯುಲಿಸ್ ನಿಂತಿದ್ದಾನೆ. ಬಾಗಿಲು ತೆಗೆದಿದ್ದರೆ ಒಳಗೆ ಹೋಗಿ, ಇಲ್ಲದಿದ್ದರೆ ಕಬ್ಬಿಣದ ಸರಳುಗಳ ನಡುವಿನಿಂದ ನೋಡಿ. ಮುಂದಿನ ಇಳಿಜಾರು ಹುಲ್ಲು ಬುತ್ತಿ ಬಿಚ್ಚಲು ಇಡೀ ತೋಟದಲ್ಲೇ ಒಳ್ಳೆಯ ಜಾಗ. ಹೆನ್ರಿ ತನ್ನ ಮಗಳಿಗೆ ಬರೆದ ಕಾಗದದಲ್ಲಿ, ಸೇತುವೆ, ಹಳ್ಳಿ, ಚರ್ಚ್ ಮೂರೂ ನೀರಿನ ತುದಿಯಲ್ಲಿ ಒಟ್ಟಿಗೆ ಗಾಸ್ಪಾರ್‌ನ ಚಿತ್ರದ ಹಾಗೆ ಕಾಣುತ್ತವೆ ಅಂತ ಹಿಗ್ಗಿದ್ದ. ಅದು 1762ರಲ್ಲಿ. ಅವನು ಹಿಗ್ಗಿದ ಆ ನೋಟವನ್ನೇ ನೋಡುತ್ತಾ ಚಿತ್ರಾನ್ನ ತಿನ್ನಬಹುದು. ಬಾತುಕೋಳಿಗಳು ಪಾಲು ಕೇಳಲು ಬರುತ್ತವೆ. ಬ್ರೆಡ್ಡು, ಅನ್ನ ಏನನ್ನೂ ಹಾಕಬೇಡಿ, ಅವಕ್ಕೆ ಒಳ್ಳೆಯದಲ್ಲ. ಅಮ್ಮನನ್ನು ತಡೆಯುವುದು ನನಗೆ ಕಷ್ಟವೇ ಆಯಿತು.

ಇನ್ನು ಕೆರೆ ಏರಿ. ಏರಿಯ ಮೇಲೆ ನಡೆಯುವಾಗ ಅಪ್ಪನ ಹೆಜ್ಜೆ ಚುರುಕಾಯಿತು, ಗೊತ್ತಿರುವ ಜಾಗಕ್ಕೆ ಬಂದ ಹಾಗೆ. ಕಲ್ಲುಗಳ ಮೇಲಿಂದ ನೀರು ಧುಮುಕುವ ಜಾಗವನ್ನು ಇವರು ಕ್ಯಾಸ್ಕೇಡ್ ಅನ್ನುತ್ತಾರೆ. ಅಪ್ಪ ನೋಡಿ, "ಕೋಡಿ ಬಿದ್ದಿದೆ" ಅಂದರು.

ಕೊನೆಯಲ್ಲಿ ಗುಡ್ಡದ ಮೇಲಿನ ಟೆಂಪಲ್ ಆಫ್ ಅಪೊಲೊ, 1765ರದ್ದು, ದುಂಡಗಿನದು. ಏರು ಕಡಿದು, ಎದೆ ಹಿಡಿಯುವವರು, ಮಂಡಿ ನೋವಿನವರು ಇದನ್ನು ಬಿಟ್ಟು ಕೆಳಗಿನ ದಾರಿಯಲ್ಲೇ ಹೋಗಿ, ನಷ್ಟ ಆಯಿತು ಅಂದುಕೊಳ್ಳಬೇಡಿ. ಹತ್ತುವವರಿಗೆ ಮಾತ್ರ ಅಲ್ಲೊಂದು ಬಹುಮಾನ ಇದೆ. ಇಷ್ಟು ಹೊತ್ತು ಒಂದೊಂದಾಗಿ ಕಂಡಿದ್ದೆಲ್ಲ ಮೇಲಿಂದ ಒಂದೇ ಸಲ ಕಾಣುತ್ತದೆ. 2005ರ ಒಂದು ಇಂಗ್ಲಿಷ್ ಸಿನಿಮಾದಲ್ಲಿ ನಾಯಕ ಮಳೆಯಲ್ಲಿ ನೆನೆದುಕೊಂಡು ಮದುವೆಗೆ ಕೇಳುವ ದೃಶ್ಯ ತೆಗೆದದ್ದು ಇಲ್ಲೇ. ಹಾಗಾಗಿ ಕಂಬಗಳ ನಡುವೆ ಫೋಟೋಗೆ ಜೋಡಿಗಳ ಸಾಲು ಇರುತ್ತದೆ. ಕಾಯಲು ತಾಳ್ಮೆ ಇಲ್ಲದಿದ್ದರೆ ಬೆಳಕು ಕೆಡುವ ಮುಂಚೆ ಇಳಿದುಬಿಡಿ.

ಬಂಗಲೆ ನೋಡಬೇಕಾ? ಕಾಲಲ್ಲಿ ಶಕ್ತಿ ಉಳಿದಿದ್ದರೆ. ಕೋಲ್ಟ್ ಹೋರ್‌ನ ಲೈಬ್ರರಿ, ಚಿಪ್ಪೆಂಡೇಲ್ ಅನ್ನುವ ಹೆಸರಾಂತ ಪೀಠೋಪಕರಣ ತಯಾರಕನ ಮಗ ಮಾಡಿದ ಕುರ್ಚಿ ಮೇಜುಗಳು, ಹಿಂದೊಮ್ಮೆ ಒಬ್ಬ ಪೋಪ್ ಬಳಿ ಇದ್ದ ಬಣ್ಣದ ಕಲ್ಲುಗಳ ದೊಡ್ಡ ಕಪಾಟು, ಇವೆಲ್ಲ ಇವೆ. 1902ರಲ್ಲಿ ಬೆಂಕಿ ಬಿದ್ದು ಮನೆಯ ನಡುಭಾಗ ಸುಟ್ಟುಹೋಗಿತ್ತು, ಮತ್ತೆ ಕಟ್ಟಿಸಿದರು. ನನಗೆ ಅಲ್ಲಿ ನೆನಪಿನಲ್ಲಿ ಉಳಿದದ್ದು ಕೊನೆಯ ಯಜಮಾನರ ಕಥೆ. ಸರ್ ಹೆನ್ರಿ ಮತ್ತು ಅವರ ಹೆಂಡತಿ ಅಲ್ಡಾಗೆ ಇದ್ದವನು ಒಬ್ಬನೇ ಮಗ, ಹ್ಯಾರಿ. ಅವನು 1917ರಲ್ಲಿ ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ಅಲೆಕ್ಸಾಂಡ್ರಿಯಾದಲ್ಲಿ ತೀರಿಕೊಂಡ. ಮುದುಕರು 1946ರಲ್ಲಿ ಮನೆ, ತೋಟ ಎಲ್ಲವನ್ನೂ ನ್ಯಾಷನಲ್ ಟ್ರಸ್ಟ್‌ಗೆ ಕೊಟ್ಟರು. ಮರುವರ್ಷ ಮಾರ್ಚ್ 25ರಂದು, ಗಂಡ ಹೆಂಡತಿ ಇಬ್ಬರೂ ಒಂದೇ ದಿನ ತೀರಿಕೊಂಡರು. ಇದನ್ನು ಹೇಳಿದಾಗ ಅಮ್ಮ, "ಪುಣ್ಯವಂತರು" ಅಂದರು. ಅಪ್ಪ ಏನೂ ಮಾತಾಡಲಿಲ್ಲ.

ಕಿಂಗ್ ಆಲ್ಫ್ರೆಡ್ ಟವರ್ ಅಂತ ಇನ್ನೊಂದಿದೆ, ಬಂಗಲೆಯಿಂದ ಸುಮಾರು ಮೂರು ಕಿಲೋಮೀಟರ್, ಮೂರು ಮೂಲೆಯ ಇಟ್ಟಿಗೆ ಗೋಪುರ, 49 ಮೀಟರ್ ಎತ್ತರ, 205 ಮೆಟ್ಟಿಲು. ಎಲ್ಲ ದಿನವೂ ಹತ್ತಲು ಬಿಡುವುದಿಲ್ಲ. ಮಕ್ಕಳಿದ್ದರೆ ಕಾರಿನಲ್ಲಿ ಹೋಗಿ ಬನ್ನಿ. ದಾರಿ ಬದಿಯ ಗಿಡ ಮುಟ್ಟಬೇಡಿ ಅಂತ ಮಕ್ಕಳಿಗೆ ಹೇಳಿ, ನಮ್ಮ ತುರಿಕೆ ಸೊಪ್ಪಿನಂಥ ಒಂದು ಗಿಡ ಇಲ್ಲಿನ ಬೇಲಿಗಳಲ್ಲೂ ಇದೆ.

ಹೊರಡುವಾಗ ಹಳ್ಳಿ ಬಾಗಿಲಿನ ಬಳಿ ಬ್ರಿಸ್ಟಲ್ ಕ್ರಾಸ್ ಹತ್ತಿರ ಇನ್ನೊಮ್ಮೆ ನಿಲ್ಲಿ. ರಾಜ ರಾಣಿಯರ ಮೂರ್ತಿಗಳಿರುವ ಈ ಕಂಬ ಮಧ್ಯಯುಗದ್ದು. ಬ್ರಿಸ್ಟಲ್ ನಗರದವರು ದಾರಿಗೆ ಅಡ್ಡ ಅಂತ ಕಿತ್ತು ಹಾಕಿದ್ದನ್ನು ತೋಟ ಮಾಡಿಸಿದ ಹೆನ್ರಿ ತರಿಸಿ ಇಲ್ಲಿ ನಿಲ್ಲಿಸಿದ. ಎದುರಿಗೆ ಹುಲ್ಲು ಹೊದ್ದ ಐದು ಕಮಾನಿನ ಸೇತುವೆ, ಅದರ ಹಿಂದೆ ನೀರು, ನೀರಿನ ತುದಿಯಲ್ಲಿ ಪ್ಯಾಂಥಿಯಾನ್. ಎಲ್ಲ ಕ್ಯಾಲೆಂಡರಿನಲ್ಲೂ ಬರುವ ಫೋಟೋ ಇದೇ, ಮಧ್ಯಾಹ್ನಕ್ಕಿಂತ ಬೆಳಗಿನ ಬೆಳಕು ಚೆನ್ನ. ಅಪ್ಪ ಕೈಯನ್ನು ಹಣೆಗೆ ಅಡ್ಡ ಹಿಡಿದು ಬಹಳ ಹೊತ್ತು ಆಚೆ ದಡ ನೋಡಿದರು. "ನಾವು ಚಿತ್ರಾನ್ನ ತಿಂದಿದ್ದು ಅಲ್ಲಿ ಅಲ್ವಾ? ಆ ಹುಲ್ಲಿನ ಮೇಲೆ ಯಾರೋ ಈಗ ಕೂತಿದ್ದಾರೆ ನೋಡು."

ಕಾರಿನ ಕಡೆಗೆ ಹೋಗುವ ದಾರಿ ಏರು. ಫ್ಲಾಸ್ಕ್‌ನಲ್ಲಿ ಅರ್ಧ ಲೋಟ ಕಾಫಿ ಉಳಿಸಿಕೊಂಡಿರಿ.